ಚುಟ್ಟ ಸುತ್ತುವವರ ಜೀವಕೋಶ

ಹಿಟ್ಟಿನ ಚೀಲದೊಳಗೆ ಕೈ ಹಾಕುವಾಗ ಸೊಯ್ಲಾ, ಕೋಬ್ರೆ ಚರ್ಚಿನ ಮಾತೆಯನ್ನು ಬೇಡಿಕೊಂಡದ್ದು ಇಷ್ಟೇ: ಏನು ಬೇಕಾದರೂ ಬರಲಿ ತಾಯಿ, ಪ್ರೆಷರ್ ಕುಕ್ಕರಿನ ಸೂಚನೆ ಮಾತ್ರ ಬರದಿರಲಿ. ಅದು ನಿನ್ನೆ ಇದೇ ಕೆಲಸದ ಪರೀಕ್ಷೆಗೆ ಬಂದಿದ್ದ ರೇಡಿಯೊದವನ ಕೈಗೆ ಬಂದಿತ್ತು. ಓದಿ ಮುಗಿದ ಕಾಗದವನ್ನು ಮತ್ತೆ ಚೀಲಕ್ಕೇ ಹಾಕುವುದು ರೂಢಿ. ಆ ಮನುಷ್ಯ ಜೇನು ಸವರಿದ ದನಿಯಲ್ಲಿ, ರಬ್ಬರ್ ಉಂಗುರವನ್ನು ಆಗಾಗ ತೊಳೆದು ಒಣಗಿಸಬೇಕು ಎಂದು ಓದಿದಾಗ ಹಿಂದಿನ ಸಾಲಿನ ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳಂತೆ. ಅಂಥವನ ಬೆನ್ನಿಗೇ ಅದೇ ಕುಕ್ಕರು ತನಗೂ ಸಿಕ್ಕರೆ ಕಥೆ ಮುಗಿಯಿತು.

ಪಿನಾರ್ ಊರಿನ ಆ ಚುಟ್ಟದ ಕಾರ್ಖಾನೆಯಲ್ಲಿ ಓದುವವರನ್ನು ಆರಿಸುವುದು ಮಹಡಿಯ ಮೇಲಿನ ಆಫೀಸಿನವರಲ್ಲ, ಚುಟ್ಟ ಸುತ್ತುವವರು. ಹೊತ್ತು ಹುಟ್ಟಿದಾಗಿನಿಂದ ತಲೆ ತಗ್ಗಿಸಿ ಹೊಗೆಸೊಪ್ಪು ಸುತ್ತುವ ಜನಕ್ಕೆ ಎತ್ತರದ ಪೀಠದಲ್ಲಿ ಕೂತು ಬೆಳಿಗ್ಗೆ ಪೇಪರು, ಆಮೇಲೆ ಕಾದಂಬರಿ ಓದಿ ಹೇಳುವ ಕೆಲಸ ಅದು. ಕಿವಿ ಅವರದು, ಆದ್ದರಿಂದ ಆಯ್ಕೆಯೂ ಅವರದು. ಪ್ರೇಮದ ಕಾದಂಬರಿಯನ್ನು ಯಾವ ಕತ್ತೆ ಬೇಕಾದರೂ ಓದೀತು ಎಂಬುದು ಅವರ ಖಚಿತ ಅಭಿಪ್ರಾಯ. ಹಾಗಾಗಿ ಹೊಸಬರಿಗೆ ಒಣಎಲೆ ಪರೀಕ್ಷೆ. ಲೋಕದಲ್ಲಿ ಅಚ್ಚಾದ ಅತಿ ಬೇಸರದ ಕಾಗದಗಳನ್ನೆಲ್ಲ ಮನೆಮನೆಯಿಂದ ಹುಡುಕಿ ತಂದು ಚೀಲಕ್ಕೆ ತುಂಬುತ್ತಾರೆ. ಫ್ಯಾನಿನ ಗ್ಯಾರಂಟಿ, ಬಸ್ಸಿನ ನಿಯಮಾವಳಿ, ಜಂತುಹುಳದ ಮಾತ್ರೆಯ ವಿವರ, ಹೀಗೆ. ಕೈಗೆ ಸಿಕ್ಕಿದ್ದನ್ನು ಓದಬೇಕು, ಜನ ತೂಕಡಿಸಬಾರದು. ಕೊನೆಗೆ ಮೆಚ್ಚಿದವರು ಎಲೆ ಕತ್ತರಿಸುವ ಅಲಗನ್ನು ತಮ್ಮ ಹಲಗೆಗೆ ಬಡಿಯುತ್ತಾರೆ, ಒಲ್ಲದವರು ನೆಲಕ್ಕೆ ಬೀಳಿಸುತ್ತಾರೆ. ಅದೇ ವೋಟು.

ಇನ್ನೊಂದು ಕಟ್ಟುಪಾಡೂ ಇತ್ತು. ಅಚ್ಚಾದದ್ದನ್ನು ಬಿಟ್ಟು ಒಂದೇ ಒಂದು ಸ್ವಂತ ಮಾತು ಸೇರಿಸಕೂಡದು. ಗಂಟಲು ಕೈಕೊಟ್ಟು ಈ ವರ್ಷ ಮನೆಗೆ ಹೋದ ಹಳೆಯ ಓದುಗ, ನಾಯಕಿ ಸತ್ತಾಗಲೂ ತಾನಾಗಿ ಅಯ್ಯೋ ಎಂದವನಲ್ಲ. ಪುಸ್ತಕದಲ್ಲಿ ಅಯ್ಯೋ ಇದ್ದರೆ ಮಾತ್ರ ಅಂದವನು.

ಸೊಯ್ಲಾ ಊರಾಚೆಯ ವಸತಿಶಾಲೆಯಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಮೇಲಿನವರು ಅವಳನ್ನು ಬೀದಿಗೆ ಬಿಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಚರಂಡಿ ವಿಭಾಗದಲ್ಲಿ ಒಂದು ಕುರ್ಚಿ ಕೊಟ್ಟರು. ಅಲ್ಲಿ ಅವಳು ದಿನವಿಡೀ ಆಡುವ ಮಾತೆಂದರೆ ಮುಂದಿನವರು ಬನ್ನಿ ಎಂಬುದೊಂದೇ, ಅದಕ್ಕೂ ಎಷ್ಟೋ ದಿನ ಮುಂದಿನವರೇ ಇರುತ್ತಿರಲಿಲ್ಲ. ಮಾತಾಡಿ ಬದುಕಿದ ಹೆಂಗಸಿಗೆ ಅದು ಜೀವಂತ ಸಮಾಧಿ. ಸಂಜೆ ಮನೆಗೆ ಬಂದು ಬೆಕ್ಕಿಗೆ ದ್ಯುತಿಸಂಶ್ಲೇಷಣೆ ವಿವರಿಸುತ್ತಿರುವುದು ಒಂದು ದಿನ ಅವಳ ಗಮನಕ್ಕೇ ಬಂದು ಹೆದರಿಕೆಯಾಯಿತು. ಮಾರನೆಯ ದಿನವೇ ಈ ಕಾರ್ಖಾನೆಗೆ ಅರ್ಜಿ ಹಾಕಿದಳು. ಕೆಲಸ ಸಿಗದಿದ್ದರೆ ಸೋಮವಾರ ಮತ್ತೆ ಚರಂಡಿ ವಿಭಾಗ, ಮತ್ತೆ ಆ ಕುರ್ಚಿ. ಅದನ್ನು ನೆನೆದರೇ ಅವಳ ನಾಲಿಗೆ ಒಣಗುತ್ತಿತ್ತು.

ಚೀಲದಿಂದ ಕೈ ಹೊರಗೆ ಬಂತು. ಕೈಯಲ್ಲಿದ್ದದ್ದು ತೆಳ್ಳಗಿನ ಹಳದಿ ಪುಸ್ತಿಕೆ. ಮೇಲೆ ಅಚ್ಚಾಗಿತ್ತು: ಜೀವಕೋಶದ ಭಾಗಗಳು, ಒಂಬತ್ತನೇ ತರಗತಿಗೆ ಪೂರಕ ಪಾಠ.

ಸೊಯ್ಲಾಳಿಗೆ ನಗು ತಡೆಯಲಾಗಲಿಲ್ಲ. ಜೀವಕೋಶ! ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಪಾಠ. ಅವಳಿಗೆ ಇದು ನೀರು ಕುಡಿದಷ್ಟು ಸುಲಭ. ಪೀಠದ ಮೆಟ್ಟಿಲು ಹತ್ತುವಾಗ ಕಾಲು ನೆಲದ ಮೇಲಿರಲಿಲ್ಲ. ಕೆಳಗೆ ಸಾಲುಸಾಲು ಮೇಜು, ಸಾಲುಸಾಲು ತಲೆ, ಎಲ್ಲೆಲ್ಲೂ ಒದ್ದೆ ಎಲೆಯ ಘಮ. ಕಂಕುಳಲ್ಲಿದ್ದ ಆ ದಿನದ ಪೇಪರನ್ನು ಪಕ್ಕಕ್ಕಿಟ್ಟಳು. ಪರೀಕ್ಷೆ ಮುಗಿಯದೆ ಪೇಪರಿಲ್ಲ ಎಂದು ಓದಿನ ಸಮಿತಿಯ ಎವರಿಸ್ತೊ ಮೊದಲೇ ಹೇಳಿದ್ದ. ಅವನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ದಪ್ಪದ ಚುಟ್ಟ ಸುತ್ತುವವನು. ಮುಖವೂ ಹಾಗೇ ಬಿಗಿ.

ಓದು ಶುರುವಾಯಿತು. ಸುಲಭವೆಂದುಕೊಂಡ ಕೆಲಸ ಕೈಕೊಡುವುದು ಹೀಗೇ. ಬಾಯಿಪಾಠವಾದದ್ದನ್ನು ಅವಳು ಬಾಯಿಪಾಠದ ಹಾಗೇ ಒಪ್ಪಿಸಿದಳು. ವಾಕ್ಯ ಅರ್ಧವಾಗುವ ಮೊದಲೇ ಅವಳ ಮನಸ್ಸು ಮುಂದಿನ ಪುಟಕ್ಕೆ ಓಡುತ್ತಿತ್ತು. ದನಿಯಲ್ಲಿ ಕ್ಲಾಸಿನ ಗತ್ತು ಬಂದು ಕೂತಿತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಿಟಕಿ ಪಕ್ಕದ ಸಾಲು ಆಕಳಿಸಲು ಶುರುಮಾಡಿತ್ತು. ಆಗ ಅವಳು ಓದಿದಳು: "ಜೀವಕೋಶವು ಒಂದು ಕಾರ್ಖಾನೆಯಂತೆ. ಕೋಶಕೇಂದ್ರವು ಆ ಕಾರ್ಖಾನೆಯ ನಿರ್ದೇಶಕರು."

ಆಕಳಿಸುತ್ತಿದ್ದವರೆಲ್ಲ ಎಚ್ಚರಾದರು. ಮಹಡಿಯ ಮೇಲಿನ ನಿರ್ದೇಶಕರು ರಾಜಧಾನಿಯಿಂದ ಬಂದವರು, ಕಾಣುವುದೇ ಅಪರೂಪ, ಒಂದು ಚುಟ್ಟವನ್ನೂ ನೆಟ್ಟಗೆ ಸುತ್ತಲಾರರು.

"ನಮ್ ಡೈರೆಕ್ಟರಾ?" ಎಂದ ಯಾರೋ. "ಹಂಗಾದ್ರೆ ಆ ಕೋಶ ಮಂಗಳವಾರಕ್ಕೇ ಸತ್ತಿರುತ್ತೆ ಬಿಡಿ."

ನಗೆ ಸಾಲಿಂದ ಸಾಲಿಗೆ ಹಬ್ಬಿತು. ಸೊಯ್ಲಾಳಿಗೆ ತರಗತಿಯೇ ಮುಂದೆ ಕೂತಂತಾಯಿತು. ತಪ್ಪು ಉತ್ತರ ಬಂದರೆ ತಿದ್ದದೆ ಬಿಟ್ಟು ಅಭ್ಯಾಸವಿಲ್ಲ. ಕಟ್ಟುಪಾಡು ಮರೆತು ಪುಸ್ತಿಕೆ ಕೆಳಗಿಟ್ಟಳು. "ಹಾಗಲ್ಲ, ಹಾಗಲ್ಲ. ನಟ್ಟನಡುವೆ ಇರೋದು ಅಂತ. ಅದು ಹೇಳಿದ ಹಾಗೆ ಉಳಿದವರೆಲ್ಲ ಕೇಳೋದು," ಎಂದು ಎರಡೂ ಕೈಯಿಂದ ಗಾಳಿಯಲ್ಲಿ ಒಂದು ವೃತ್ತ ಬರೆದಳು. ಆ ವೃತ್ತದ ನಡುವೆ ಇದ್ದವಳು ಅವಳೇ. ನಟ್ಟನಡುವೆ, ಎತ್ತರದಲ್ಲಿ, ಉಳಿದವರೆಲ್ಲ ಕೇಳುವ ಜಾಗದಲ್ಲಿ.

ನಗು ನಿಂತಿತು. ಬೇರೆ ಕಡೆ ಇದು ದೊಡ್ಡ ವಿಷಯವಾಗುತ್ತಿರಲಿಲ್ಲ. ಓದಿನ ಪೀಠವಿರುವ ಜಾಗದಲ್ಲಿ ಮಾತ್ರ ಇಂಥ ತಪ್ಪು ಆಗುವುದು, ಇಂಥ ತಪ್ಪು ತಿಳಿಯುವುದು.

"ಓಹೋ. ಇನ್ನೂ ಕೆಲಸಾನೇ ಸಿಕ್ಕಿಲ್ಲ, ಆಗ್ಲೇ ಟೀಚರಮ್ಮ ನಮಗೆಲ್ಲ ಕೇಂದ್ರ ಆಗ್ಬಿಟ್ರು," ಎಂದ ಕಿಟಕಿ ಪಕ್ಕದ ಒಂಟಿ ಮೇಜಿನವನು. ಅವನ ಅಲಗು ನೆಲಕ್ಕೆ ಬಿದ್ದು ಠಣ್ ಎಂದಿತು. ಹಿಂದಿನಿಂದ ಇನ್ನೊಂದು ಬಿತ್ತು, ಆಮೇಲೆ ಮತ್ತೊಂದು.

ಎವರಿಸ್ತೊ ಎದ್ದು ನಿಂತ. ಅವನು ಕೂಗಾಡುವವನಲ್ಲ. ಸ್ವಂತ ಮಾತು ಸೇರಿಸಿದ್ದು ಒಂದು ತಪ್ಪು, ಸೇರಿಸಿದ ಮಾತು ಅಂಥದ್ದಾಗಿದ್ದು ಇನ್ನೊಂದು, ಉಳಿದದ್ದನ್ನು ಓದಿ ಮುಗಿಸಿ, ವೋಟು ಹಾಕಿ ಎಲ್ಲರೂ ನಮ್ಮ ನಮ್ಮ ಕೆಲಸ ನೋಡೋಣ ಎಂದು ಮರ್ಯಾದೆಯಿಂದಲೇ ಹೇಳಿದ. ಆ ಮರ್ಯಾದೆಯೇ ಸೊಯ್ಲಾಳ ಎದೆಗೆ ಚುಚ್ಚಿತು. ವೋಟು ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೋಮವಾರದ ಕುರ್ಚಿ ಕಣ್ಣೆದುರಿಗೆ ಬಂದು ನಿಂತಿತು.

ಪುಸ್ತಿಕೆಯನ್ನು ನೋಡಿದಳು. ಅವಳಿಗೆ ಸಿಟ್ಟು ಬಂತು, ಜನರ ಮೇಲಲ್ಲ, ಪುಸ್ತಿಕೆ ಬರೆದವನ ಮೇಲೆ. ಎಂಥ ಸೊಗಸಾದ ವಸ್ತುವನ್ನು ಎಂಥ ಒಣಕಲು ಮಾಡಿಟ್ಟಿದ್ದಾನೆ ಮಹಾರಾಯ. ಕಾರ್ಖಾನೆಯಂತೆ ಎಂದು ಬರೆಯುವ ಮೊದಲು ಒಂದು ಸಲವಾದರೂ ಕಾರ್ಖಾನೆಯೊಳಗೆ ಕಾಲಿಟ್ಟಿದ್ದನೇ? ಹೀಗೆಂದುಕೊಳ್ಳುವಾಗ ಅವಳ ಕಣ್ಣು ಕೆಳಗಿನ ಸಾಲುಗಳ ಮೇಲೆ ಹರಿಯಿತು. ಹರಿದದ್ದು ಅಲ್ಲೇ ನಿಂತಿತು. ಮೈ ಜುಮ್ಮೆಂದಿತು. ಕೋಶದಲ್ಲಿ ಇದ್ದದ್ದೆಲ್ಲ ಇಲ್ಲೇ ಇದೆಯಲ್ಲ.

"ನಾನು ಕೆಳಗಿಳಿದು ಬರಬಹುದಾ?" ಎಂದು ಕೇಳಿದಳು.

ಓದುವವರು ಓದಿನ ನಡುವೆ ಪೀಠ ಬಿಟ್ಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಎವರಿಸ್ತೊ ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎರಡನೇ ಸಾಲಿನ ಎಮೆರೆನ್ಸಿಯಾನಾ ಅಜ್ಜಿ ಕೈಯಲ್ಲಿದ್ದ ಚುಟ್ಟದಿಂದ ಕಣ್ಣು ಕೀಳದೆ ಅಂದಳು. "ಇಳೀಲಿ ಬಿಡೋ. ಮೇಲೆ ಕೂತು ನಮ್ಮನ್ನ ಸಾಯ್ಸೋ ಬದ್ಲು ಕೆಳಗೆ ನಿಂತು ಸಾಯ್ಸ್ಲಿ. ಗಾಳಿಯಾದ್ರೂ ಬರುತ್ತೆ."

ಆ ಕಾರ್ಖಾನೆಯಲ್ಲಿ ಅಜ್ಜಿಯಷ್ಟು ಹಳಬರಿಲ್ಲ. ಅವಳ ಕೈ ನಿಂತದ್ದನ್ನು ನೋಡಿದವರಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಪೀಠದ ಕೆಳಗೆ ಆಡಿದ ಮಾತು ಓದಿನ ಲೆಕ್ಕಕ್ಕಿಲ್ಲ, ಆದರೆ ಕಾಫಿ ಬರುವವರೆಗೆ ಮಾತ್ರ ಎಂದು ಎವರಿಸ್ತೊ ಒಪ್ಪಿದ. ಆಮೇಲೆ ಮೇಲೆ ಹತ್ತಿ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಇದ್ದ ಹಾಗೆ ಓದಬೇಕು. ಆಮೇಲೆ ವೋಟು.

ಸೊಯ್ಲಾ ಧಡಧಡ ಇಳಿದು ಬಂದಳು. ಮೇಜುಗಳ ನಡುವೆ ನಿಂತು, ಈ ಚುಟ್ಟಕ್ಕೆ ಯಾವ ಹೊಲದ ಎಲೆ ಎಷ್ಟು ಸೇರಬೇಕು ಎಂದು ಇಲ್ಲಿ ಗೊತ್ತಿರುವುದು ಯಾರಿಗೆ ಎಂದು ಕೇಳಿದಳು. ಇದೇನು ಪ್ರಶ್ನೆ ಎಂಬಂತೆ ಎಲ್ಲರೂ ಮೂಲೆಯ ಬಾಗಿಲ ಕಡೆ ಮುಖ ಮಾಡಿದರು. ಅದು ಬಾಲ್ದೊಮೆರೊನ ಕೋಣೆ. ಎಲೆಗಳ ಹದ ಕೂಡಿಸುವವನು ಅವನು. ಯಾವ ಚುಟ್ಟಕ್ಕೆ ಯಾವ ಹದವೆಂಬುದನ್ನು ಅವನ ಅಜ್ಜನ ಕಾಲದಲ್ಲಿ ಆ ಕೋಣೆಯ ಗೋಡೆಯ ಮೇಲೇ ಬರೆಸಿಟ್ಟಿದ್ದರು. ಗೋಡೆಯನ್ನು ಕಿತ್ತು ಹೊರಗೆ ತರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ.

"ಅದೇ ಕೋಶಕೇಂದ್ರ," ಎಂದಳು ಸೊಯ್ಲಾ. "ಡೈರೆಕ್ಟರ್ ಅಲ್ಲ, ನಾನಂತೂ ಮೊದಲೇ ಅಲ್ಲ. ಆ ಗೋಡೆ. ಅದು ಯಾವತ್ತೂ ಹೊರಗೆ ಬರಲ್ಲ. ಹಾಗಾದ್ರೆ ಅಲ್ಲಿ ಬರೆದದ್ದು ನಿಮಗೆ ಗೊತ್ತಾಗೋದು ಹೇಗೆ?"

ಹೇಗೆಂದರೆ ನಿಲ್ಸಾಳಿಂದ. ಎಲೆಕಟ್ಟು ಹೊತ್ತು ತಿರುಗುವ ಆ ಹೆಂಗಸು ಬೆಳಿಗ್ಗೆ ಬಾಲ್ದೊಮೆರೊನ ಬಾಗಿಲಲ್ಲಿ ನಿಂತು, ಆ ದಿನಕ್ಕೆ ಬೇಕಾದಷ್ಟನ್ನು ಮುಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು, ಮೇಜಿನಿಂದ ಮೇಜಿಗೆ ತೋರಿಸುತ್ತ ಹೋಗುತ್ತಾಳೆ. ಸಂಜೆ ಸೋಪು ಹಚ್ಚಿ ತೊಳೆದರೆ ಮುಗಿಯಿತು. ಸೊಯ್ಲಾ ಅವಳ ಕೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು. ಕೋಶದಲ್ಲೂ ಹೀಗೆಯೇ, ಇಡೀ ಗೋಡೆಯಲ್ಲ, ಇವತ್ತಿಗೆ ಬೇಕಾದ ಒಂದು ಸಾಲಿನ ನಕಲು ಮಾತ್ರ ಹೊರಗೆ ಬರುತ್ತದೆ, ಕೆಲಸವಾದ ಮೇಲೆ ಆ ನಕಲು ಕರಗಿಹೋಗುತ್ತದೆ, ಎಂದು ಹೇಳುವಾಗ ಅವಳ ದನಿ ಅವಳಿಗೇ ತಿಳಿಯದಂತೆ ಏರಿತ್ತು. ನಿಲ್ಸಾ ತನ್ನ ಮುಂಗೈಯನ್ನು ಹೊಸದಾಗಿ ನೋಡಿಕೊಂಡಳು.

ನಕಲು ನೋಡಿ ವಸ್ತು ತಯಾರಿಸುವವರು ರೈಬೊಸೋಮುಗಳು. ಅವರು ಯಾರೆಂದು ಹೇಳಬೇಕಾಗಲೇ ಇಲ್ಲ. ನಾವು, ನಾವು ಎಂದು ಸಾಲುಗಳೇ ಅಂದವು. ಕೋಶದಲ್ಲಿ ಇವರು ಸಾಲುಸಾಲಾಗಿ ಕೂತಿರುತ್ತಾರೆ, ಕೆಲವರು ಮಾತ್ರ ಗುಂಪು ಬಿಟ್ಟು ಒಂಟಿಯಾಗಿ ಅಲ್ಲಲ್ಲಿ ತೇಲುತ್ತಿರುತ್ತಾರೆ ಎಂದಾಗ ಎಲ್ಲರೂ ತಿರುಗಿ ನೋಡಿದ್ದು ಕಿಟಕಿ ಪಕ್ಕದವನನ್ನು. ಹಾಡಿ ಹಾಡಿ ತಲೆ ತಿನ್ನುತ್ತಾನೆಂದು ಅವನ ಮೇಜನ್ನು ದೂರ ಹಾಕಿದ್ದರು. ಮೊದಲು ಅಲಗು ಬೀಳಿಸಿದವನೂ ಅವನೇ. ಈಗ ಅವನೇ ಬಗ್ಗಿ ಅದನ್ನು ಎತ್ತಿಕೊಂಡ.

ಹೀಗೆ ಹೊತ್ತಿಕೊಂಡದ್ದು ಮತ್ತೆ ಆರಲಿಲ್ಲ. ಕೈಗಳು ಸುತ್ತುತ್ತಲೇ ಇದ್ದವು, ಬಾಯಿಗಳು ಮಾತ್ರ ಅವಳ ಹಿಂದೆ ಬಿದ್ದವು. ಬಾಗಿಲ ಕಾವಲಿನವನು ತಾನೇ ಕೋಶದ ಪೊರೆ ಎಂದು ತಾನೇ ಘೋಷಿಸಿಕೊಂಡ. ಎಲೆ ಒಳಗೆ ಬಿಡುವುದು, ಪೆಟ್ಟಿಗೆ ಹೊರಗೆ ಬಿಡುವುದು, ಹೊರಟವರ ಚೀಲ ತಡವುವುದು ಅವನದೇ ಕೆಲಸ. ನಿನ್ನ ಷಡ್ಡಕನ ಚೀಲವನ್ನು ಮಾತ್ರ ಯಾಕೆ ತಡವುವುದಿಲ್ಲ ಎಂದು ಯಾರೋ ಕೇಳಿದರು. ಪೊರೆಯೂ ಆರಿಸಿ ಆರಿಸಿಯೇ ಬಿಡುತ್ತದೆ ಎಂದು ಸೊಯ್ಲಾ ಅವನ ಮಾನ ಉಳಿಸಿದಳು. ಗಲಾಟೆ ಕೇಳಿ ಪಕ್ಕದ ಕೋಣೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಸುತ್ತಿದ ಚುಟ್ಟಗಳನ್ನು ಬಣ್ಣ ನೋಡಿ ವಿಂಗಡಿಸಿ, ಅವುಗಳ ಸೊಂಟಕ್ಕೆ ಕಾಗದದ ಪಟ್ಟಿ ಸುತ್ತಿ, ಪೆಟ್ಟಿಗೆಗೆ ತುಂಬಿ, ಎಲ್ಲಿಗೆ ಹೋಗಬೇಕೆಂದು ವಿಳಾಸ ಅಂಟಿಸುವವರು ಅವರು. ನಾವು ಯಾರು ಎಂದು ಕೇಳಿದರು. ನೀವು ಗಾಲ್ಗಿ, ಕೋಶದ ಸರಕು ವಿಂಗಡಿಸಿ ಕಳಿಸುವವರು ಎಂದಳು. ಹೆಸರು ಇಟಲಿಯ ಚಪ್ಪಲಿಯ ಹಾಗಿದೆ, ಪರವಾಗಿಲ್ಲ ಎಂದು ಅವರು ಒಪ್ಪಿಕೊಂಡರು.

ಅಷ್ಟರಲ್ಲಿ ಕಾಫಿ ಬಂತು. ಒಬ್ದುಲಿಯಾ ಎರಡು ದೊಡ್ಡ ಫ್ಲಾಸ್ಕುಗಳನ್ನು ತೂಗಿಸಿಕೊಂಡು, ಏನಿದು ಸಂತೆ ಎಂಬ ಮುಖ ಮಾಡಿಕೊಂಡು ಒಳಗೆ ಬಂದಳು. ಗಡುವು ಮುಗಿದಿತ್ತು. ಎವರಿಸ್ತೊ ಬಾಯಿ ತೆರೆಯುವ ಮೊದಲೇ ಸೊಯ್ಲಾ ಅವಳ ಕಡೆ ಓಡಿದಳು. ಇಷ್ಟು ವರ್ಷ ಪಾಠ ಮಾಡಿದರೂ ಅವಳಿಗೆ ಇದು ಹೊಳೆದಿರಲಿಲ್ಲ.

"ನೋಡಿ, ಬಂತು. ಮೈಟೊಕಾಂಡ್ರಿಯಾ. ಸಕ್ಕರೆ ಸುಟ್ಟು ಎಲ್ಲರಿಗೂ ಶಕ್ತಿ ಕೊಡೋದು ಅದೇ. ಅದಿಲ್ದಿದ್ರೆ ಒಂದು ಕೈನೂ ಆಡಲ್ಲ."

"ಯಾರಿಗಮ್ಮ ಬೈತಿರೋದು ನೀನು?" ಎಂದಳು ಒಬ್ದುಲಿಯಾ.

ಬೈಗುಳವಲ್ಲ, ಹೊಗಳಿಕೆ ಎಂದು ನಾಲ್ಕಾರು ಜನ ಒಟ್ಟಿಗೇ ತಿಳಿಸಿದರು. ಕೋಶದಲ್ಲಿ ಇಂಥದ್ದು ಒಂದೇ ಇರುತ್ತದೆಯೇ ಎಂದು ಯಾರೋ ಕೇಳಿದರು. ನೂರಾರು, ಕೆಲವು ಕಡೆ ಸಾವಿರಾರು ಎಂದಳು ಸೊಯ್ಲಾ. ಇಡೀ ಹಜಾರ ಗೊಳ್ಳೆಂದಿತು. ಇಷ್ಟು ಜನಕ್ಕೆ ಒಬ್ಬಳೇ ಕಾಫಿಯವಳು ಸಾಲುವುದಿಲ್ಲವೆಂದು ಅವರು ಮಹಡಿಯ ಮೇಲಿನವರಿಗೆ ಹೇಳಿ ಹೇಳಿ ಸೋತಿದ್ದರು. ಇನ್ನು ವಿಜ್ಞಾನವೇ ತಮ್ಮ ಕಡೆ.

"ಇನ್ನೊಂದು ಕೇಳಿ," ಎಂದಳು ಸೊಯ್ಲಾ. ಉಸಿರು ಸಿಗುತ್ತಿರಲಿಲ್ಲ. "ಒಬ್ದುಲಿಯಕ್ಕ, ಈ ಕಾಫಿ ಮಾಡೋದನ್ನ ಬಾಲ್ದೊಮೆರೊ ಹೇಳಿಕೊಟ್ರಾ?"

"ಅವನಾ? ಅವನಿಗೆ ನೀರು ಕಾಯ್ಸೋಕೂ ಬರಲ್ಲ. ಇದು ನಮ್ಮಮ್ಮನ ಕೈಗುಣ. ನಮ್ಮಮ್ಮನಿಗೆ ಅವರಮ್ಮ ಕೊಟ್ಟಿದ್ದು."

ಸೊಯ್ಲಾ ಎರಡೂ ಕೈ ಎತ್ತಿಬಿಟ್ಟಳು. ಅವಳಿಗೆ ಕುಣಿಯಬೇಕೆನಿಸಿತು. ಮೈಟೊಕಾಂಡ್ರಿಯಾಕ್ಕೂ ಅದರದೇ ಒಂದು ಪುಟ್ಟ ಗೋಡೆಬರಹ ಇದೆ, ದೊಡ್ಡ ಗೋಡೆಯನ್ನೇ ಪೂರಾ ನಂಬಿ ಕೂತಿಲ್ಲ, ಅದು ನಮಗೆ ಬರುವುದು ತಾಯಿಯಿಂದ, ತಾಯಿಗೆ ಅವಳ ತಾಯಿಯಿಂದ, ಅಪ್ಪಂದಿರಿಗೆ ಅದರಲ್ಲಿ ಪಾಲಿಲ್ಲ, ಎಂದು ಒಂದೇ ಉಸಿರಿಗೆ ಹೇಳಿದಳು. ಹೆಂಗಸರ ಸಾಲುಗಳಿಂದ ಎದ್ದ ಗದ್ದಲಕ್ಕೆ ಬಾಲ್ದೊಮೆರೊ ತನ್ನ ಕೋಣೆಯ ಬಾಗಿಲು ತೆಗೆದು, ಯಾರಿಗಾದರೂ ಏಟಾಯಿತೇ ಎಂದು ಕೇಳಿದ. ನೀನು ಒಳಗೇ ಇರು, ನೀನು ಹೊರಗೆ ಬರುವ ಹಾಗಿಲ್ಲ ಎಂದು ಎಲ್ಲರೂ ಅವನನ್ನು ಒಳಗೆ ಕಳಿಸಿದರು.

ಆ ನಗೆಯ ನಡುವೆ ಒಬ್ಬ ಮಾತ್ರ ನಕ್ಕಿರಲಿಲ್ಲ. ಕಸಬರಿಕೆ ಹಿಡಿದು ಕಂಬಕ್ಕೊರಗಿದ್ದ ರುಪೆರ್ತೊ. ನೆಲಕ್ಕೆ ಬಿದ್ದ ಚೂರು ಎಲೆ, ಒಡೆದ ಚುಟ್ಟ ಗುಡಿಸಿ ಒಯ್ಯುವ ಕೆಲಸ ಅವನದು. ಪುಸ್ತಿಕೆಯ ಮೊದಲ ಪುಟದ ಪಟ್ಟಿ ಓದುವಾಗ ಲೈಸೋಸೋಮ್ ಕೋಶದ ಕಸದಬುಟ್ಟಿ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು.

"ನಾನು ಕಸದಬುಟ್ಟಿ ಅಂತ ಯಾರೂ ಹೇಳ್ಬೇಕಾಗಿಲ್ಲ, ನಂಗೆ ಗೊತ್ತು," ಎಂದ.

ಸೊಯ್ಲಾಳಿಗೆ ಮುಖಕ್ಕೆ ಹೊಡೆದಂತಾಯಿತು. ಪುಸ್ತಿಕೆಯಲ್ಲಿ ಹಾಗೆಯೇ ಇತ್ತು, ಅವಳೂ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟಿದ್ದಳು. ಗುಡಿಸಿದ್ದನ್ನು ಏನು ಮಾಡುತ್ತೀರಿ ಎಂದು ಅವನನ್ನು ಕೇಳಿದಳು. ಬಿಸಾಡುವುದಿಲ್ಲ, ಹೆಚ್ಚಿ ಜರಡಿ ಹಿಡಿದು ಕೊಟ್ಟರೆ ಸಣ್ಣ ಚುಟ್ಟದ ಹೊಟ್ಟೆಗೆ ಆಗುತ್ತದೆ, ಬಿಸಾಡಲು ಇದೇನು ಕಸವೇ ಎಂದು ಅವನು ರೇಗಿದ. ಅವಳು ಅವನ ಹತ್ತಿರ ಹೋಗಿ ನಿಂತು, ಪುಸ್ತಿಕೆಯವನು ತಪ್ಪು ಬರೆದಿದ್ದಾನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಳತನ್ನು ಒಡೆದು ಹೊಸದಕ್ಕೆ ಕೊಡುವುದೇ ಅದರ ಕೆಲಸ. ಅದು ಕೈಕೊಟ್ಟ ಕೋಶ ಎಷ್ಟೇ ಚೆನ್ನಾಗಿದ್ದರೂ ತನ್ನ ರಾಶಿಯೊಳಗೆ ತಾನೇ ಹೂತುಹೋಗುತ್ತದೆ. ಅಂಥ ರೋಗದಿಂದ ಮಕ್ಕಳೇ ಸಾಯುವುದುಂಟು. ರುಪೆರ್ತೊ ಕಂಬ ಬಿಟ್ಟು ನೆಟ್ಟಗೆ ನಿಂತ.

ಎವರಿಸ್ತೊ ಪೀಠದ ಕಡೆ ಬೆರಳು ತೋರಿಸಿದ. ಸೊಯ್ಲಾ ಮೇಲೆ ಹತ್ತಿದಳು. ಪುಸ್ತಿಕೆ ಬಿಡಿಸಿ ಮೊದಲಿನಿಂದ ಓದಿದಳು. ಅದೇ ಒಣ ವಾಕ್ಯಗಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಈಗ ಅವಳಿಗೆ ಅವಸರವಿರಲಿಲ್ಲ. ಒಂದೊಂದು ಹೆಸರು ಬಾಯಿಂದ ಬಿದ್ದಾಗಲೂ ಅದರ ಮನುಷ್ಯ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಕೇಂದ್ರ ಎಂದಾಗ ತಲೆಗಳು ಮೂಲೆಗೆ ತಿರುಗಿದವು. ನಿರ್ದೇಶಕರು ಎಂಬಲ್ಲಿ ಸಣ್ಣ ಕೆಮ್ಮುಗಳು ಕೇಳಿಸಿದವು. ಮೈಟೊಕಾಂಡ್ರಿಯಾ ಎಂದಾಗ ಒಬ್ದುಲಿಯಾ ಏಪ್ರನ್ ಸರಿಮಾಡಿಕೊಂಡಳು. ಯಾರೂ ಆಕಳಿಸಲಿಲ್ಲ. ಕೊನೆಯ ಸಾಲು ಓದಿ ಅವಳು ತಲೆ ಎತ್ತಿದಾಗ ಅಲಗುಗಳು ಹಲಗೆಯ ಮೇಲೆ ಸಿದ್ಧವಾಗಿದ್ದವು. ಗೆದ್ದೆ ಎಂದು ಅವಳ ಎದೆ ಉಬ್ಬಿತು.

"ವೋಟಿಗೆ ಮುಂಚೆ ಒಂದು ಪ್ರಶ್ನೆ," ಎಂದ ಎವರಿಸ್ತೊ. "ಸೊಯ್ಲಾ ಅವರೇ, ಎಲ್ಲರಿಗೂ ಒಂದೊಂದು ಜಾಗ ಕೊಟ್ರಿ. ಕಸ ಗುಡಿಸೋನಿಗೂ ಕೊಟ್ರಿ. ಆ ಕೋಶದಲ್ಲಿ ಓದೋರು ಯಾರು?"

ಕೇಳಿದ್ದು ಕೀಟಲೆಗಲ್ಲ. ಓದುವವರು ಕಾರ್ಖಾನೆಗೆ ಬೇಕೇ ಬೇಡವೇ ಎಂದು ಮಹಡಿಯ ಮೇಲೆ ಪ್ರತಿ ವರ್ಷ ಮಾತು ಏಳುತ್ತಿತ್ತು. ಎವರಿಸ್ತೊ ಅದಕ್ಕೊಂದು ಉತ್ತರ ಹುಡುಕುತ್ತಿದ್ದ. ನಿಲ್ಸಾ ಕೆಳಗಿನಿಂದ ತನ್ನ ಮುಂಗೈ ತೋರಿಸಿ ಸನ್ನೆ ಮಾಡಿದಳು. ನನ್ನ ಹಾಗೇ ಅನ್ನಿ, ಸುದ್ದಿ ತರುವವರು ಅನ್ನಿ, ಮುಗಿಯಿತು.

ಹೇಳುವುದು ಸುಲಭವಿತ್ತು. ಎಲ್ಲರೂ ಒಪ್ಪುತ್ತಿದ್ದರು. ಆದರೆ ನಿಲ್ಸಾ ಒಂದು ದಿನ ಬರದಿದ್ದರೆ ಆ ದಿನ ಚುಟ್ಟವೇ ಇಲ್ಲ. ಓದುವವರು ಬರದಿದ್ದರೆ? ಹಳೆಯ ಓದುಗ ಹೋಗಿ ತಿಂಗಳುಗಳಾಗಿದ್ದವು, ಪೆಟ್ಟಿಗೆಗಳು ಮಾತ್ರ ತಪ್ಪದೆ ಹೊರಗೆ ಹೋಗಿದ್ದವು. ಮಕ್ಕಳ ಮುಂದೆ ನಿಂತು ಗೊತ್ತಿದ್ದೂ ಸುಳ್ಳು ಹೇಳಿದವಳಲ್ಲ ಸೊಯ್ಲಾ. ಈಗ ನಿಜ ಹೇಳುವುದೆಂದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ. ಪುಸ್ತಿಕೆ ಮುಚ್ಚಿಟ್ಟಳು.

"ಯಾರೂ ಇಲ್ಲ," ಎಂದಳು. "ನಾನು ಎಷ್ಟು ಹುಡುಕಿದ್ರೂ ಸಿಗಲ್ಲ ಎವರಿಸ್ತೊ ಅವರೇ. ಜೀವಕೋಶದಲ್ಲಿ ಓದಿ ಹೇಳೋರು ಇಲ್ಲ. ಅದು ಸುಮ್ನೆ ಕೆಲಸ ಮಾಡ್ತಾ ಇರುತ್ತೆ. ಅದರ ಪಾಡಿಗೆ ಅದು ನಡೆಯುತ್ತೆ."

ಎವರಿಸ್ತೊ ನೆಲ ನೋಡಿದ. ಯಾರೂ ಅಲಗು ಬಡಿಯಲಿಲ್ಲ, ಯಾರೂ ಬೀಳಿಸಲೂ ಇಲ್ಲ. ಮುಗಿಯಿತು ಎಂದುಕೊಂಡಳು ಸೊಯ್ಲಾ.

ಆಗ ಎರಡನೇ ಸಾಲಿನಲ್ಲಿ ಎಮೆರೆನ್ಸಿಯಾನಾ ಅಜ್ಜಿಯ ಕೈ ನಿಂತಿತು. ಪಕ್ಕದ ಮೇಜಿನವಳು ಗಾಬರಿಯಿಂದ ತಿರುಗಿ ನೋಡಿದಳು.

"ಹುಟ್ಟಿದಾಗಿಂದ ಸಾಯೋತನ್ಕ ದುಡಿಯುತ್ತಾ?" ಎಂದು ಕೇಳಿದಳು ಅಜ್ಜಿ.

"ಹೂಂ ಅಜ್ಜಿ. ರಾತ್ರಿನೂ ನಿಲ್ಲಲ್ಲ."

"ಒಂದು ಕಥೆನೂ ಕೇಳ್ದೆ?"

"ಒಂದೂ ಕೇಳಲ್ಲ."

ಅಜ್ಜಿ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿದಳು. ಎಲೆಯ ಕಲೆ ಹತ್ತಿ ಕಪ್ಪಾದ, ಗಂಟುಬಿದ್ದ ಕೈ. ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡಿದಳು. ಎಡಗೈಯಿಂದ ಅದನ್ನು ಮೆಲ್ಲಗೆ ಸವರಿದಳು. "ಇದ್ರೊಳಗೂ ಇದಾವಾ ಅವು?"

"ಎಣಿಸೋಕಾಗದಷ್ಟು."

"ಪಾಪ," ಎಂದಳು ಅಜ್ಜಿ. ಆಮೇಲೆ ಅಲಗು ಎತ್ತಿ, ಎವರಿಸ್ತೊ ವೋಟು ಕೇಳುವುದಕ್ಕೂ ಕಾಯದೆ, ಹಲಗೆಗೆ ಬಡಿದಳು. "ಓದು ಮಗಳೆ. ಸ್ವಲ್ಪ ಗಟ್ಟಿಯಾಗಿ ಓದು. ಅವಕ್ಕೂ ಕೇಳಿಸ್ಲಿ."

ಮುಂದಿನ ಸಾಲು ಬಡಿಯಿತು, ಹಿಂದಿನ ಸಾಲು ಬಡಿಯಿತು, ಕಿಟಕಿಯ ಒಂಟಿ ಮೇಜೂ ಬಡಿಯಿತು. ಎವರಿಸ್ತೊ ಕೊನೆಗೆ ಬಡಿದ, ಎಲ್ಲರಿಗಿಂತ ಜೋರಾಗಿ. ಸೊಯ್ಲಾಳ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಒರೆಸಿಕೊಂಡು, ಪಕ್ಕಕ್ಕಿಟ್ಟಿದ್ದ ಆ ದಿನದ ಪೇಪರು ಬಿಡಿಸಿ, ನಿನ್ನೆಯ ಬೇಸ್‌ಬಾಲ್ ಪಂದ್ಯದಿಂದ ಗಟ್ಟಿಯಾಗಿ ಓದಲು ಶುರುಮಾಡಿದಳು.